ಇಂಗ್ಲೆಂಡಿನ ಸಾಕುಮಗಳಿಗೆ ದತ್ತು ಪತ್ರ ಇರಲಿಲ್ಲ

ಸಂಪಾದಕರಿಗೆ ನಮಸ್ಕಾರ.

ವಂಶವೃಕ್ಷ ಹುಡುಕುವ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ, ಇಷ್ಟವಾಯಿತು. ಆದರೆ ಅದರಲ್ಲಿ ಒಂದು ಮಾತು ತಿದ್ದಬೇಕು. ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲಿ ಬೇರೆಯವರ ಮನೆಯಲ್ಲಿ ಬೆಳೆದ ಮಗುವಿನ ಹೆತ್ತವರು ಯಾರೆಂದು ದತ್ತು ಪತ್ರದಿಂದ ತಿಳಿಯುತ್ತದೆ ಎಂದಿದೆ. ಅಂಥ ಪತ್ರವೇ ಇಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ದತ್ತು ಕಾನೂನು ಬಂದಿದ್ದು 1926ರಲ್ಲಿ, ಜಾರಿಯಾಗಿದ್ದು 1927ರ ಜನವರಿ 1ರಿಂದ. ಅಷ್ಟು ಹೊತ್ತಿಗೆ ರಾಣಿ ತೀರಿಕೊಂಡು 25 ವರ್ಷ ದಾಟಿತ್ತು.

ಇಲ್ಲದ ಆ ಪತ್ರಕ್ಕಾಗಿ ನಾನೂ ಎರಡು ವರ್ಷ ಸುಮ್ನೆ ಅಲೆದಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಮದುವೆಯಾಗಿ ಬಂದಿದ್ದು ಲ್ಯಾಂಕಶೈರ್‌ನ ಒಂದು ಮನೆಗೆ. ಅತ್ತೆಗೆ ಈಗ 84. ಅವರ ಅಜ್ಜಿ ಯಾರ ಮಗಳು ಅನ್ನುವುದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬಟ್ಟೆ ಒಗೆದು ಬದುಕುತ್ತಿದ್ದ ಒಬ್ಬ ವಿಧವೆ ಆ ಅಜ್ಜಿಯನ್ನು ಪ್ರೆಸ್ಟನ್‌ನಲ್ಲಿ ಸಾಕಿದ್ದರು ಅಂತ ಮಾತ್ರ ಕೇಳಿದ್ದರು.

1881ರ ಏಪ್ರಿಲ್ 3ರ ಜನಗಣತಿಯಲ್ಲಿ ಆ ವಿಧವೆಯ ಮನೆ ಸಿಕ್ಕಿತು. ಮೂರು ವರ್ಷದ ಹುಡುಗಿಯ ಹೆಸರಿನ ಮುಂದೆ 'ನರ್ಸ್ ಚೈಲ್ಡ್', ಅಂದರೆ ದುಡ್ಡು ತೆಗೆದುಕೊಂಡು ಸಾಕುವ ಮಗು, ಎಂದಿತ್ತು. ಅದನ್ನು ನೋಡಿ ಅತ್ತೆ ಹೆದರಿಬಿಟ್ಟರು. ಕೈಗೂಸುಗಳನ್ನು ಸಾಕುತ್ತೇನೆ ಅಂತ ದುಡ್ಡು ತೆಗೆದುಕೊಂಡು ಕೊಲ್ಲುತ್ತಿದ್ದ ಅಮೇಲಿಯಾ ಡೈಯರ್‌ಳನ್ನು 1896ರಲ್ಲಿ ಗಲ್ಲಿಗೇರಿಸಿದ ಕಥೆ ಇಲ್ಲಿ ಎಲ್ಲರಿಗೂ ಗೊತ್ತು. ಆದರೆ 'ನರ್ಸ್ ಚೈಲ್ಡ್' ಎಂದರೆ ಅಷ್ಟೇ ಅಲ್ಲ. ದುಡಿಯುವ ತಾಯಿ ವಾರಕ್ಕಿಷ್ಟು ಕೊಟ್ಟು ಮಗುವನ್ನು ಇನ್ನೊಬ್ಬಳ ಮಡಿಲಿಗೆ ಒಪ್ಪಿಸುತ್ತಿದ್ದಳು. ಎಷ್ಟೋ ಮನೆಗಳಲ್ಲಿ ಆ ಹಣ ಒಂದು ದಿನ ನಿಂತುಹೋಗುತ್ತಿತ್ತು, ಮಗು ಅಲ್ಲೇ ಉಳಿಯುತ್ತಿತ್ತು. ನಮ್ಮ ಅಜ್ಜಿಗೂ ಹಾಗೇ ಆಗಿರಬೇಕು. 1891ರ ಗಣತಿಯಲ್ಲಿ ಅದೇ ಮನೆಯಲ್ಲಿ 13 ವರ್ಷದವಳು, ಹತ್ತಿ ಗಿರಣಿಯಲ್ಲಿ ಕೆಲಸ. ಸಂಬಂಧದ ಕಾಲಂನಲ್ಲಿ ಈಗ 'ಅಡಾಪ್ಟೆಡ್ ಡಾಟರ್'. ಅದಕ್ಕೆ ಕಾನೂನಿನ ಬಲ ಏನೂ ಇಲ್ಲ. ಮನೆಯವರು ಹೇಳಿದ್ದನ್ನು ಬರೆದುಕೊಂಡಿದ್ದಾರೆ, ಅಷ್ಟೇ. ನಮ್ಮಲ್ಲಿ ಸಾಕುಮಗಳು, ದತ್ತು ಮಗಳು ಅಂತ ಎರಡು ಮಾತಿವೆ ಅಲ್ವಾ? ಇಲ್ಲಿ ಒಂದೇ ಮಾತು ಎರಡಕ್ಕೂ ನಡೆಯುತ್ತದೆ, ಅದರಿಂದಲೇ ಗೊಂದಲ.

ಜನನ ಪತ್ರ ತರಿಸಿದೆವು. 1878ರ ಫೆಬ್ರುವರಿ. ತಾಯಿ ಮನೆಗೆಲಸದಾಕೆ, ಸಹಿಯ ಜಾಗದಲ್ಲಿ ಸಹಿ ಬಾರದವರು ಹಾಕುವ X ಗುರುತು. ತಂದೆಯ ಕಾಲಂ ಖಾಲಿ. ಅದನ್ನು ನೋಡಿದವರೊಬ್ಬರು, ತಾಯಿಗೇ ಗೊತ್ತಿರಲಿಲ್ಲವೇನೋ ಅಂದರು. ನನಗೆ ತುಂಬಾ ನೋವಾಯಿತು. 1874ರ ಜನನ ನೋಂದಣಿ ಕಾಯ್ದೆಯ ಪ್ರಕಾರ ಮದುವೆಯಾಗದ ತಾಯಿ ತಾನೊಬ್ಬಳೇ ಹೋಗಿ ತಂದೆಯ ಹೆಸರು ಬರೆಸುವ ಹಾಗಿರಲಿಲ್ಲ. ಆ ಗಂಡಸೂ ಜೊತೆಗೆ ಬಂದು ಸಹಿ ಹಾಕಬೇಕಿತ್ತು. ಅವನು ಬರಲಿಲ್ಲ. ಆ ಖಾಲಿ ಜಾಗ ಹೇಳುವುದು ಅಷ್ಟನ್ನೇ. ಆದರೆ ಆ ತಾಯಿ ಮಗುವಿನ ಹೆಸರಿನ ನಡುವೆ ಒಂದು ಮನೆತನದ ಹೆಸರು ಸೇರಿಸಿದ್ದಳು. ಅದು ಅವಳ ಕಡೆಯದಲ್ಲ. ಬರೆಸಲು ಬಿಡದ ಹೆಸರನ್ನು ಆಗಿನ ಹೆಣ್ಣುಮಕ್ಕಳು ಎಷ್ಟೋ ಸಲ ಹೀಗೆ ಉಳಿಸುತ್ತಿದ್ದರು.

ಇನ್ನು 1900ರ ಮದುವೆ ದಾಖಲೆ. ಅದರಲ್ಲಿ ಅಜ್ಜಿ ತಂದೆ ಅಂತ ಕೊಟ್ಟಿದ್ದು ಆ ವಿಧವೆಯ ಗಂಡನ ಹೆಸರು. ಆತ ಸತ್ತಿದ್ದು 1875ರಲ್ಲಿ, ಮಗು ಹುಟ್ಟುವ ಮೂರು ವರ್ಷ ಮೊದಲೇ! ಮದುವೆಯ ದಿನ ತಂದೆಯ ಕಾಲಂ ಖಾಲಿ ಬಿಡಲು ಆಕೆಗೆ ಮನಸ್ಸು ಬರಲಿಲ್ಲವೇನೋ. ಅದನ್ನು ಸುಳ್ಳು ಅಂತ ಕರೆಯಲು ನನಗೂ ಮನಸ್ಸಿಲ್ಲ. ಆದರೆ ದೂರದ ಸಂಬಂಧಿಕರೊಬ್ಬರು ಆ ಹೆಸರನ್ನು ವಂಶವೃಕ್ಷದಲ್ಲಿ ಹಾಕಿ, ಅವನ ಹಿಂದಿನ ನಾಲ್ಕು ತಲೆಮಾರನ್ನೂ ಜೋಡಿಸಿದ್ದಾರೆ. ಅದನ್ನು ನೋಡಿ ಬೇರೆಯವರು ನಕಲು ಮಾಡಿಕೊಂಡಿದ್ದಾರೆ. ಅವನು ತೀರಿಕೊಂಡ ವರ್ಷ ಯಾವುದು ಅಂತ ಒಬ್ಬರೂ ನೋಡಿಲ್ಲ.

1872ರ ಕಾಯ್ದೆಯಡಿ ತಾಯಿ ಮ್ಯಾಜಿಸ್ಟ್ರೇಟ್ ಮುಂದೆ ಹೋಗಿ ಮಗುವಿನ ತಂದೆಯಿಂದ ವಾರಕ್ಕೆ 5 ಶಿಲ್ಲಿಂಗ್‌ವರೆಗೆ ಜೀವನಾಂಶ ಕೇಳಬಹುದಿತ್ತು. ಅಂಥ ಆದೇಶ ಸಿಕ್ಕರೆ ಗಂಡಸಿನ ಹೆಸರು ಅದರಲ್ಲೇ ಇರುತ್ತದೆ. ನಮಗೆ ಸಿಗಲಿಲ್ಲ. ಕೊನೆಗೆ ಅತ್ತೆ ಡಿಎನ್ಎ ಪರೀಕ್ಷೆಗೆ ಒಪ್ಪಿದರು. (ಪರೀಕ್ಷೆಗೆ ಮನೆಯ ಹಿರಿಯರನ್ನೇ ಕೇಳಿ. ಅತ್ತೆಯ ಡಿಎನ್ಎಯಲ್ಲಿ ಅಜ್ಜಿಯ ತಂದೆಯ ಪಾಲು ಸುಮಾರು ಎಂಟರಲ್ಲೊಂದು, ನನ್ನ ಗಂಡನಲ್ಲಿ ಅದರ ಅರ್ಧ.) ನಡುವಿನ ಆ ಹೆಸರಿನ ಮನೆತನದವರೇ ಕೆಲವರು ಹೊಂದಿಕೆಯಾದರು. ಆ ಮನೆಯಲ್ಲಿ ಮೂವರು ಅಣ್ಣತಮ್ಮಂದಿರು. ಯಾರು ಅಂತ ಪರೀಕ್ಷೆ ಹೇಳುವುದಿಲ್ಲ. ನಮ್ಮ ವಂಶವೃಕ್ಷದಲ್ಲಿ ಆ ಮನೆತನದ ಹೆಸರು ಮಾತ್ರ ಪೆನ್ಸಿಲ್‌ನಲ್ಲಿದೆ.

ವಿಧವೆಯ ಹೆಸರನ್ನು ಅತ್ತೆ ಶಾಯಿಯಲ್ಲಿ ಬರೆದರು, ಹೆತ್ತ ತಾಯಿಯ ಪಕ್ಕದಲ್ಲೇ. ಆಕೆಯ 1903ರ ಮರಣ ಪತ್ರ ಬಂದ ದಿನವೇ ಬರೆದರು. ಸಾವಿನ ಸುದ್ದಿ ಕೊಟ್ಟವರು ಯಾರು ಅನ್ನುವ ಕಾಲಂನಲ್ಲಿ ಅಜ್ಜಿಯ ಹೆಸರಿತ್ತು. 'ಸಾಕುಮಗಳು, ಸಾಯುವಾಗ ಹತ್ತಿರವಿದ್ದಳು' ಅಂತ.

ಇಂತಿ,
ನಿಮ್ಮ ಓದುಗಿ
ಲ್ಯಾಂಕಶೈರ್, ಇಂಗ್ಲೆಂಡ್