ಹೋಗುವ ಮುಂಚೆ ಒಂದು ಟೆಂಡರ್ ನೋಡು

ತೀರ್ಥಹಳ್ಳಿ
ಜನವರಿ

ಪ್ರಿಯ ಸುಹಾಸ,

ನಾನು ಹೋಗಿಬಂದ ಎಕ್ಸ್‌ಚೇಂಜ್‌ಗೆ, ಅಂದರೆ ನಮ್ಮ ಕಾಲೇಜಿನ ವಿದ್ಯಾರ್ಥಿಯಾಗಿದ್ದುಕೊಂಡೇ ಕೆಲವು ತಿಂಗಳು ನೆದರ್ಲೆಂಡ್ಸ್‌ನ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಓದೋಕೆ, ಅರ್ಜಿ ಹಾಕಲೋ ಬೇಡವೋ ಅಂತ ಕೇಳಿದ್ದೀಯ. ಹಾಕು ಮಾರಾಯ. ಆದರೆ ದುಡ್ಡಿನ ವಿಷಯ ಮನೆಯಲ್ಲಿ ಮೊದಲೇ ಬಿಡಿಸಿ ಹೇಳಿಬಿಡು. ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯಕ್ಕೆ ನಾವು ಬೋಧನಾ ಶುಲ್ಕ ಕಟ್ಟೋದಿಲ್ಲ, ನಮ್ಮ ಕಾಲೇಜಿನ ಫೀಸೇ ಸಾಕು. ದುಡ್ಡು ಕರಗೋದು ರೂಮಿಗೆ. ಆ ಊರಲ್ಲಿ ರೂಮು ಸಿಗೋದೇ ಕಷ್ಟ. ವಿಶ್ವವಿದ್ಯಾಲಯದ ಮೂಲಕ ಕೇಳುವ ಅವಕಾಶ ತೆರೆದ ದಿನವೇ ಅರ್ಜಿ ಹಾಕು. ಅಲ್ಲಿ ಉಳಿಯೋಕೆ ಬೇಕಾದ ರೆಸಿಡೆನ್ಸ್ ಪರ್ಮಿಟ್‌ಗೆ ವಿಶ್ವವಿದ್ಯಾಲಯದವರೇ ನಮ್ಮ ಪರವಾಗಿ ಬರೆಯುತ್ತಾರೆ, ಅಷ್ಟೂ ತಿಂಗಳ ಖರ್ಚಿನ ಹಣ ಮಾತ್ರ ನಾವು ಮುಂಚಿತವಾಗಿ ತೋರಿಸಬೇಕು. ಅಲ್ಲೇ ದುಡಿದು ತೀರಿಸ್ತೀನಿ ಅಂತ ನಿಮ್ಮ ಅಪ್ಪಯ್ಯನಿಗೆ ಮಾತು ಕೊಡಬೇಡ. ಓದುವ ತಿಂಗಳುಗಳಲ್ಲಿ ನಮ್ಮಂಥವರು ವಾರಕ್ಕೆ 16 ಗಂಟೆ ಮೀರಿ ಕೆಲಸ ಮಾಡುವಂತಿಲ್ಲ, ಅದಕ್ಕೂ ಕೆಲಸ ಕೊಡುವವರು ಬೇರೆ ವರ್ಕ್ ಪರ್ಮಿಟ್ ತರಬೇಕು.

ಓದಿನ ಕ್ರಮಕ್ಕೆ ಬೇಗ ಹೊಂದಿಕೊಳ್ಳುತ್ತೀಯ. ಸೆಮಿಸ್ಟರನ್ನು 8, 8, 4 ವಾರಗಳ ಮೂರು ಭಾಗ ಮಾಡಿರುತ್ತಾರೆ. ಒಂದು ಕ್ರೆಡಿಟ್‌ಗೆ 28 ಗಂಟೆ ದುಡಿಮೆಯ ಲೆಕ್ಕ. ಅಂಕ ಹತ್ತಕ್ಕೆ, ಎಂಟು ಬಂದರೆ ಖುಷಿಯಾಗಿ ಮನೆಗೆ ಫೋನ್ ಮಾಡಬಹುದು.

ನಾನು ಬರೆಯಬೇಕು ಅಂದುಕೊಂಡಿದ್ದು ಬೇರೆ. ಶಿಪೋಲ್ ವಿಮಾನ ನಿಲ್ದಾಣದ ಹತ್ತಿರ ಆಲ್ಸ್‌ಮೇರ್ ಅಂತ ಊರಿದೆ. ಅಲ್ಲಿನ ಹೂವಿನ ಹರಾಜು ನೋಡೋಕೆ ಬೆಳಕು ಹರಿಯುವ ಮುಂಚೆ ಬಸ್ ಹತ್ತಿದ್ದೆ. ಮೇಲಿನ ನಡೆದಾರಿಯಲ್ಲಿ ನಿಂತು ನೋಡಿದರೆ ಕೆಳಗೆ ಕಣ್ಣು ಹಾಯುವಷ್ಟು ದೂರ ಹೂವಿನ ಗಾಡಿಗಳ ಸಾಲು. ಕೀನ್ಯಾ, ಇಥಿಯೋಪಿಯಾದ ಗುಲಾಬಿಯೂ ಅಲ್ಲಿಗೇ ಬರುತ್ತೆ. ಪರದೆಯ ಮೇಲೊಂದು ಗಡಿಯಾರ. ಬೆಲೆ ಮೇಲಿನಿಂದ ಶುರುವಾಗಿ ಸರಸರ ಇಳಿಯುತ್ತೆ, ಮೊದಲು ಬಟನ್ ಒತ್ತಿದವನಿಗೆ ಮಾಲು. ಒಂದು ಲಾಟು, ಅಂದರೆ ಒಟ್ಟಿಗೆ ಮಾರೋ ಮಾಲು, ಮುಗಿಯೋಕೆ ಕೆಲವೇ ಸೆಕೆಂಡು. ಕೊಳ್ಳುವವರಲ್ಲಿ ಹೆಚ್ಚಿನವರು ಈಗ ತಮ್ಮ ಆಫೀಸಲ್ಲೇ ಕಂಪ್ಯೂಟರ್ ಮುಂದೆ ಕೂತಿರುತ್ತಾರೆ. ಇಷ್ಟೆಲ್ಲ ನಡೆಸುತ್ತಿರೋದು ಬೆಳೆಗಾರರದ್ದೇ ಸಹಕಾರಿ ಸಂಘ, ರಾಯಲ್ ಫ್ಲೋರಾಹಾಲೆಂಡ್. 1939ರಲ್ಲಿ ನಮ್ಮ ಶಿವಮೊಗ್ಗದಲ್ಲಿ ಹುಟ್ಟಿದ ಅಡಿಕೆ ಬೆಳೆಗಾರರ ಸಹಕಾರಿ ಸಂಘ ಮಾಮ್ಕೋಸ್ ನೆನಪಾಗದೆ ಇರುತ್ತಾ?

ಕ್ಲಾಸಿಗೆ ಬಂದು ನಮ್ಮ ಎಪಿಎಂಸಿ ಮಾರುಕಟ್ಟೆಯ ಅಡಿಕೆ ಟೆಂಡರ್ ಬಗ್ಗೆ ಹೇಳಿದೆ. ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಅಡಿಕೆಯ ಬಗೆ ನೋಡಿ ಬೇರೆ ಬೇರೆ ಲಾಟು ಇಡ್ತಾರೆ, ವ್ಯಾಪಾರಿಗಳು ಒಬ್ಬರಿಗೊಬ್ಬರು ಗೊತ್ತಾಗದ ಹಾಗೆ ಬೆಲೆ ಹಾಕ್ತಾರೆ, ಹೆಚ್ಚು ಹಾಕಿದವರಿಗೆ ಮಾಲು ಅಂತ. ಪಾಠ ಮಾಡುತ್ತಿದ್ದವರು ಬೋರ್ಡಿನ ಮೇಲೆ ಬಿಡಿಸಿ ತೋರಿಸಿದರು: ಎರಡೂ ಒಂದೇ ಆಟ. ಗಡಿಯಾರದ ಮುಂದೆ ಕೂತವನೂ ಟೆಂಡರ್ ಹಾಕುವವನೂ ಉಳಿದವರ ಬೆಲೆ ತಿಳಿಯದೆ ಮನಸ್ಸಲ್ಲಿ ತನ್ನದೊಂದು ಬೆಲೆ ಗಟ್ಟಿ ಮಾಡಿಕೊಳ್ಳಬೇಕು. ವಿಲಿಯಂ ವಿಕ್ರಿ ಇದನ್ನು 1961ರಲ್ಲೇ ತೋರಿಸಿದ್ದ, 1996ರಲ್ಲಿ ಅವನಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ನಾನು ಚಿಕ್ಕಂದಿನಿಂದ ಅಪ್ಪಯ್ಯನ ಜೊತೆ ನೋಡಿದ್ದು ನೊಬೆಲ್ ತನಕ ಹೋದ ಸಂಗತಿ! ಎಷ್ಟು ಹೆಮ್ಮೆ ಆಯ್ತು ಗೊತ್ತಾ.

ಆದರೆ ಮಾರುವವನ ಕಡೆಯಿಂದ ನೋಡಿದರೆ ಎರಡೂ ಒಂದಲ್ಲ, ನನ್ನ ಪ್ರಾಜೆಕ್ಟ್ ಬರೆದಿದ್ದೂ ಅದರ ಮೇಲೇ. ಕನಿಷ್ಠ ಬೆಲೆಗೂ ಹೋಗದ ಹೂವನ್ನು ಅಲ್ಲಿ ನಾಶ ಮಾಡುತ್ತಾರೆ, ಬಾಡುವ ಮಾಲು ಕಾಯೋದಿಲ್ಲ. ಒಣಗಿಸಿದ ಅಡಿಕೆ ಕಾಯುತ್ತೆ. ದರ ಒಪ್ಪದಿದ್ದರೆ ಈ ಸಲ ಕೊಡೋದಿಲ್ಲ ಅನ್ನಬಹುದು. ಹಾಗೆ ಅನ್ನೋಕೆ ತಲೆ ಮೇಲೆ ಸಾಲ ಇರಬಾರದು, ಅಷ್ಟೇ. ಮಂಡಿಯಲ್ಲಿ ಮುಂಗಡ ತಂದವನಿಗೆ ಮಗಳ ಮದುವೆ ಎದುರಿಗಿರುವಾಗ ಕಾಯೋ ಸ್ವಾತಂತ್ರ್ಯ ಎಲ್ಲಿಂದ ಬರಬೇಕು? ಬೆಳೆಗಾರರ ಸಂಘ ಅಡಿಕೆ ಒತ್ತೆ ಇಟ್ಟುಕೊಂಡು ಸಾಲ ಕೊಟ್ಟರೆ ಅವನ ಲಾಟು ಇನ್ನೊಂದು ವಾರ ಕಾಯುತ್ತೆ. ನಮ್ಮ ಕಡೆ ಓದಿದವರು ಕೂತು ಕೆಲಸ ಮಾಡಬೇಕಾದ ಜಾಗ ಇದೇ ಅಂತ ನನಗೆ ಅನ್ನಿಸಿದೆ. ಕೋರ್ಸ್ ಮುಗಿಸಿ ಶಿವಮೊಗ್ಗಕ್ಕೇ ಬರುತ್ತೇನೆ. ಅಮ್ಮನಿಗೆ ಹೇಳಿಯೂ ಆಯ್ತು.

ಇಲ್ಲಿ ಸುಗ್ಗಿಯ ಕೊನೆ. ಅಂಗಳದಲ್ಲಿ ರಾತ್ರಿ ಹತ್ತರವರೆಗೂ ಸುಲಿಯುತ್ತಾರೆ, ಬೇಯಿಸಿದ ಅಡಿಕೆಯ ಚೊಗರಿನ ವಾಸನೆ ಈ ಕಾಗದಕ್ಕೂ ಹತ್ತಿರಬೇಕು.

ಆಲ್ಸ್‌ಮೇರ್ ನೋಡುವ ಮುಂಚೆ ನೀನೂ ಒಮ್ಮೆ ನಮ್ಮ ಎಪಿಎಂಸಿ ಟೆಂಡರ್ ನೋಡಿರಬೇಕು. ನಿಮ್ಮ ಸಾಗರದ್ದಾದರೂ ಸರಿ, ಶಿವಮೊಗ್ಗಕ್ಕೆ ಬಂದರೆ ನಾನೇ ಕರೆದುಕೊಂಡು ಹೋಗುತ್ತೇನೆ. ಯಾವ ದಿನ ಬರ್ತೀಯ ಬರಿ.

ನಿನ್ನ
ಪ್ರಣವ