ಅವನನ್ನು ಅಲ್ಲಿಂದ ಎಬ್ಬಿಸಬೇಡಿ

ಸಂಪಾದಕರೇ,

ಕಳೆದ ತಿಂಗಳು ಒಂದು ವಿಡಿಯೊ ಎಲ್ಲರ ಮೊಬೈಲಿಗೂ ಬಂತು. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದ ಹತ್ತಿರ, ಅಂಗಡಿ ಜಗಲಿಯಲ್ಲಿ ಮಲಗಿದ್ದವನನ್ನು ನಾಲ್ಕೈದು ಹುಡುಗರು ಎಬ್ಬಿಸುತ್ತಾರೆ. ಗಡ್ಡ ಬೋಳಿಸಿ, ಪೈಪ್ ನೀರಲ್ಲಿ ಮೀಯಿಸಿ, ಹೊಸ ಅಂಗಿ ಹಾಕಿಸುತ್ತಾರೆ. ಕೆಳಗೆ ಯಾರೋ ಬರೆದಿದ್ದರು: 'ಇವನ ಅಪ್ಪ ಅಮ್ಮ ಎಲ್ಲಿ ಸತ್ತಿದ್ದಾರೆ?'

ಸತ್ತಿಲ್ಲ ಮಾರಾಯ್ರೇ. ಅಪ್ಪ ನಾನೇ. ಕಾಪುವಿನ ಹತ್ತಿರ ಇದ್ದೇನೆ.

ಉಡುಪಿ–ಮಂಗಳೂರು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ 29 ವರ್ಷ ಕಂಡಕ್ಟರ್ ಆಗಿದ್ದೆ. ಮಗನಿಗೆ ಈಗ 34. ಐಟಿಐ ಮುಗಿಸಿ ಗ್ಯಾರೇಜಿನಲ್ಲಿ ಚೆನ್ನಾಗಿ ದುಡಿಯುತ್ತಿದ್ದ. 25ರ ಸುಮಾರಿಗೆ ಕಿವಿಯಲ್ಲಿ ಯಾರೋ ಮಾತಾಡುತ್ತಾರೆ ಎನ್ನಲು ಶುರು ಮಾಡಿದ. ಡಾಕ್ಟರು ಸ್ಕಿಜೋಫ್ರೀನಿಯಾ ಎಂದರು. ಮಾತ್ರೆ ತಿಂದು ಸರಿಯಾದ, ಸರಿಯಾದೆ ಅಂತ ಮಾತ್ರೆ ಬಿಟ್ಟ. ದೈವದ ದರ್ಶನದಲ್ಲಿ ಕೇಳಿದ್ದೂ ಆಯಿತು, ಅದು ಬೇರೆ ಕಥೆ. ನಾವು ಅನ್ನಕ್ಕೆ ವಿಷ ಹಾಕುತ್ತೇವೆ ಎಂಬುದು ಅವನ ತಲೆಯಲ್ಲಿ ಕೂತಿತು. ಒಂದು ದಿನ ಚಪ್ಪಲಿಯೂ ಹಾಕದೆ ಹೊರಟವನು ಮತ್ತೆ ಬರಲಿಲ್ಲ. ಮೂರು ವರ್ಷವಾಯಿತು. ಠಾಣೆಗೆ ಹೋದರೆ 'ಪ್ರಾಯ ಆದವನು, ತಾನಾಗಿ ಹೋದದ್ದು, ನಾವೆಂತ ಮಾಡುವುದು' ಎಂದು ಕಳಿಸಿದರು.

ಹುಡುಕಿ ಕೊಟ್ಟದ್ದು ಬಸ್ಸಿನವರು. 'ಅಣ್ಣ, ನಿಮ್ಮ ಮಗ ಸುರತ್ಕಲ್‌ನಲ್ಲಿ ಹತ್ತಿ ಸ್ಟೇಟ್‌ಬ್ಯಾಂಕಿನಲ್ಲಿ ಇಳಿದ. ಟಿಕೆಟ್ ಕೇಳಲಿಕ್ಕೆ ಹೋಗಲಿಲ್ಲ' ಎಂದು ಫೋನ್ ಬಂತು. ಓಡಿ ಹೋದೆ. ನನ್ನನ್ನು ಕಂಡದ್ದೇ ಎದ್ದು ನಡೆದ.

ಆ ರಾತ್ರಿ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದೆ. ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಮಗನಿಗಾಗಿ ಮಾಡಿದ ಫೋನ್, ಅತ್ತದ್ದೇ ಜಾಸ್ತಿ. 'ಮನೆಗೆ ಬಾ ಅನ್ನುವುದನ್ನು ಸ್ವಲ್ಪ ದಿನ ಬಿಡಿ, ಸುಮ್ನೆ ಹೋಗಿ ಕೂತು ಬನ್ನಿ' ಎಂದರು ಆ ಕಡೆಯವರು.

ಪ್ರತಿ ಬುಧವಾರ ಹೋಗತೊಡಗಿದೆ. ಮೊದಲು ರಸ್ತೆಯ ಆಚೆ ಬದಿ ಕೂರುತ್ತಿದ್ದೆ. ನಾಲ್ಕು ತಿಂಗಳಾದ ಮೇಲೆ ಅದೇ ಜಗಲಿಗೆ ಬಂದೆ, ನಡುವೆ ಒಂದಾಳು ಜಾಗ ಬಿಟ್ಟು. ಮನೆಯ ಬುತ್ತಿ ಮುಟ್ಟುವುದಿಲ್ಲ. ಆದರೆ ಪಕ್ಕದ ಹೋಟೆಲಿನವರು ಎರಡು ಬನ್ಸ್, ಒಂದು ಚಾ ಕೊಟ್ಟರೆ ತಿನ್ನುತ್ತಾನೆ. ಲೆಕ್ಕ ಬರೆದಿಡುತ್ತಾರೆ, ತಿಂಗಳಿಗೊಮ್ಮೆ ನಾನು ಕೊಡುತ್ತೇನೆ. ಅದು ಅವನಿಗೆ ಗೊತ್ತಿಲ್ಲ. ಮೇ ತಿಂಗಳಲ್ಲಿ ಒಮ್ಮೆ ಬನ್ಸ್ ಮುರಿಯುತ್ತಾ, ನನ್ನ ಕಡೆ ನೋಡದೆ, 'ಅಮ್ಮನ ಕಾಲುನೋವು ಹೇಗುಂಟು?' ಎಂದು ಕೇಳಿದ. ಇನ್ನು ಮೆಲ್ಲ ಆಸ್ಪತ್ರೆಯ ಮಾತೆತ್ತಬಹುದು ಅಂದುಕೊಂಡೆ.

ಅಷ್ಟರಲ್ಲಿ ಆ ವಿಡಿಯೊ. ಮಾರನೇ ದಿನ ಜಗಲಿ ಖಾಲಿ. 13 ದಿನ ಪತ್ತೆ ಇಲ್ಲ, ಆಟಿಯ ಮಳೆ ಬೇರೆ. ಹೆಂಡತಿ ಮೂರು ವರ್ಷದಿಂದ ರಾತ್ರಿ ಎದುರಿನ ಬಾಗಿಲಿನ ಚಿಲಕ ಹಾಕುವುದಿಲ್ಲ. ಆಗ ಬಾಗಿಲನ್ನೇ ತೆರೆದಿಟ್ಟು ಚಾವಡಿಯಲ್ಲಿ ಮಲಗಿದಳು.

ಹುಡುಗರ ಮನಸ್ಸು ಕೆಟ್ಟದ್ದಲ್ಲ. ಆದರೆ ಮುಟ್ಟುವ ಮೊದಲು ಅವನನ್ನೊಂದು ಮಾತು, ಹೋಟೆಲಿನವರನ್ನೊಂದು ಮಾತು ಕೇಳಬಹುದಿತ್ತು ಅಲ್ವಾ? ತೀರಾ ಆಗದ ಸ್ಥಿತಿಯಲ್ಲಿದ್ದವನು ಕಂಡರೆ ಮೊಬೈಲ್ ಒಳಗಿಟ್ಟು ಪೊಲೀಸರಿಗೆ ಹೇಳಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 100ನೇ ಸೆಕ್ಷನ್ ಪ್ರಕಾರ ಅವರು ಇಂಥವನನ್ನು ಲಾಕಪ್ಪಿಗೆ ಹಾಕುವಂತಿಲ್ಲ. 24 ಗಂಟೆಯೊಳಗೆ ಸರಕಾರಿ ಆಸ್ಪತ್ರೆಗೆ ಮುಟ್ಟಿಸಬೇಕು, ಕಾಣೆಯಾದವರ ಎಫ್‌ಐಆರ್ ಹಾಕಿ ಮನೆಯವರನ್ನು ಹುಡುಕಬೇಕು. ಇದನ್ನು ನನಗೆ ಹೇಳಿದ್ದು ಠಾಣೆಯವರಲ್ಲ, ನನ್ನ ಬಸ್ಸಿಗೆ ಬರುತ್ತಿದ್ದ ಒಬ್ಬ ವಕೀಲರು.

ಮಗ ಸಿಕ್ಕಿದ್ದಾನೆ, ಈ ಸಲವೂ ಬಸ್ಸಿನವರಿಂದಲೇ. ಯಾವ ಊರು ಅಂತ ಬರೆಯುವುದಿಲ್ಲ, ಇನ್ಯಾರಾದರೂ ಮೊಬೈಲ್ ಹಿಡಿದು ಹೊರಟರೆ ಕಷ್ಟ. ನಾನು ಮತ್ತೆ ರಸ್ತೆಯ ಆಚೆ ಬದಿಗೆ ಬಂದಿದ್ದೇನೆ. ಅಲ್ಲಿನ ಹೋಟೆಲಿನವರ ಪರಿಚಯ ಈಗಷ್ಟೇ ಆಗುತ್ತಿದೆ.

– ಒಬ್ಬ ತಂದೆ, ಉಡುಪಿ ಜಿಲ್ಲೆ
(ದಯವಿಟ್ಟು ಹೆಸರು ಹಾಕಬೇಡಿ)