ಹಾಡು ಮುಗಿದರೂ ಟೇಪ್ ನಿಲ್ಲಿಸಬೇಡಿ

ಎಲ್ಲರಿಗೂ ನಮಸ್ಕಾರ. ನಿನ್ನೆ ಗುಂಪಿಗೆ ಬಂದ ಸ್ಪೆಕ್ಟ್ರಮ್ (ಪ್ರೋಗ್ರಾಮುಗಳನ್ನು ಕ್ಯಾಸೆಟ್ಟಿನಿಂದ ಶಬ್ದವಾಗಿ ಓದುವ ಹಳೆಯ ಮನೆ ಕಂಪ್ಯೂಟರ್) ಕ್ಯಾಸೆಟ್ಟಿನ ಧ್ವನಿಮುದ್ರಣ ಲೋಡ್ ಆಗಲಿಲ್ಲ. ತಪ್ಪು ಟೇಪಿನದಲ್ಲ. ವಾಯ್ಸ್ ಮೆಸೇಜ್ ಆಗಿ ಕಳುಹಿಸಿದ್ದರಿಂದ ಧ್ವನಿ ಕುಗ್ಗಿ, ಅಲೆಗಳ ಅಂಚು ಸವೆದುಹೋಗಿದೆ. ಇನ್ನು ಮುಂದೆ ಕುಗ್ಗಿಸದ ವೇವ್ (WAV) ಧ್ವನಿ ಕಡತವನ್ನು ಡಾಕ್ಯುಮೆಂಟ್ ಆಗಿಯೇ ಕಳುಹಿಸಿ.

1982ರ ಆ ಯಂತ್ರಕ್ಕೆ ಇಂಪು ಬೇಕಿಲ್ಲ, ಅದು ಅಲೆಯ ಉದ್ದವನ್ನಷ್ಟೇ ಅಳೆಯುತ್ತದೆ. ಗಿಡ್ಡ ಅಲೆ ಸೊನ್ನೆ, ಅದರ ಎರಡರಷ್ಟು ಉದ್ದದ್ದು ಒಂದು. ಮೊದಲು ಸುಮಾರು ಐದು ಸೆಕೆಂಡ್ ಒಂದೇ ಸಮನೆ ಕೂಗು, ಆಮೇಲೆ ಕ್ಷಣಮಾತ್ರದ ಕರಕರ. ಆ ಕರಕರದಲ್ಲೇ 17 ಬೈಟ್‌ಗಳ ತಲೆಬರಹವಿದೆ, ಅದರಲ್ಲಿ ಹತ್ತು ಪ್ರೋಗ್ರಾಮಿನ ಹೆಸರಿಗೆ ಮೀಸಲು.

ಹಾಡಿನ ಟೇಪು, ರೆಕಾರ್ಡುಗಳನ್ನೂ ಕೊನೆಯವರೆಗೆ ಓಡಿಸಿ, ಹಾಡು ಮುಗಿದ ಮೇಲೂ ಪ್ರೋಗ್ರಾಮಿನ ಶಬ್ದ ಇರಬಹುದು. ಬ್ರಿಟನ್ನಿನ ಗಾಯಕ ಪೀಟ್ ಶೆಲ್ಲಿ 1983ರಲ್ಲಿ ತನ್ನ ಆಲ್ಬಮ್ಮಿನಲ್ಲಿ ಸ್ಪೆಕ್ಟ್ರಮ್ ಪ್ರೋಗ್ರಾಮನ್ನೂ ಸೇರಿಸಿದ್ದ. ಅದನ್ನು ಲೋಡ್ ಮಾಡಿ ಹಾಡು ಹಾಕಿದರೆ ಪರದೆಯ ಮೇಲೆ ಸಾಹಿತ್ಯ ಮೂಡುತ್ತಿತ್ತು. ಕಂಪ್ಯೂಟರ್ ಇಲ್ಲದವರಿಗೆ ಅದು ಬರೀ ಕಿವಿಶೂಲೆ!

ನೆದರ್‌ಲ್ಯಾಂಡ್ಸ್‌ನಿಂದ ಬಂದ ಚೀಟಿಯಿಲ್ಲದ ಟೇಪುಗಳನ್ನಂತೂ ಖಾಲಿ ಎಂದು ಅಳಿಸಬೇಡಿ. ಅಲ್ಲಿನ ಹಾಬಿಸ್ಕೂಪ್ ರೇಡಿಯೋ ಕಾರ್ಯಕ್ರಮ ಪ್ರೋಗ್ರಾಮುಗಳನ್ನೇ ಪ್ರಸಾರ ಮಾಡುತ್ತಿತ್ತು, ಕೇಳುಗರು ಮನೆಯಲ್ಲಿ ಟೇಪಿಗೆ ಮುದ್ರಿಸಿಕೊಳ್ಳುತ್ತಿದ್ದರು. ಬೇರೆ ಬೇರೆ ಕಂಪನಿಗಳ ಯಂತ್ರಗಳಲ್ಲೂ ಓಡಲೆಂದು ಬೇಸಿಕೋಡ್ ಎಂಬ ಸಮಾನ ರೂಪವನ್ನೂ ಮಾಡಿಕೊಂಡಿದ್ದರು.

ಶಬ್ದ ಮಂಕಾಗಿದ್ದರೆ ಪ್ಲೇಯರಿನಲ್ಲಿ ಟೇಪು ಓದುವ ಹೆಡ್ಡಿನ ಪಕ್ಕದ ಪುಟ್ಟ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ, ಕೂಗು ಚುರುಕಾದಲ್ಲಿ ನಿಲ್ಲಿಸಿ. ಕಡತಗಳು ಭಾನುವಾರ ಸಂಜೆಯೊಳಗೆ ಬರಲಿ. ಎರಡೂ ಬದಿ ಬೇಕು.